ಪಾಯಕ್ಕೆ ಬಿದ್ದ ಫ್ಯಾನಿನ ರೆಕ್ಕೆ

ನಿವೃತ್ತಿಯಾದ ಮೇಲೆ ನಗುವಂಥ ಪ್ರಸಂಗಗಳು ಕಡಿಮೆಯಾಗುತ್ತವೆ ಅಂದುಕೊಂಡಿದ್ದೆ. ಸುಳ್ಳು. ಅವು ಮನೆ ಹುಡುಕಿಕೊಂಡೇ ಬರುತ್ತವೆ. ರಾಯದುರ್ಗದ ಸುತ್ತಿನ ಗುಡ್ಡಗಳ ಮೇಲೆ, ಗಾಳಿಯಿಂದ ಕರೆಂಟು ತೆಗೆಯುವ ದೊಡ್ಡ ಫ್ಯಾನುಗಳಿಗೆ ಪಾಯ ಹಾಕಿಸಿದ ಎಂಜಿನಿಯರು ನಾನು. ಈಗ ಆ ಫ್ಯಾನಿನ ಹಳೇ ರೆಕ್ಕೆಯನ್ನೇ ಪಾಯಕ್ಕೆ ಹಾಕಿಸಿದ ಕಥೆ ಹೇಳಬೇಕು.

ಎದುರುಮನೆಯ ಸೊಸೆ ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿ ವರ್ಷಗಟ್ಟಲೆ ದುಡಿದು ವಾಪಸು ಬಂದು, ಜೀನ್ಸ್ ಹೊಲಿಯುವ ಶೆಡ್ಡು ಕಟ್ಟಲು ಹೊರಟಳು. ಜಾಗ ಎರೆಮಣ್ಣಿನದು, ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗಿ ಎಂಥ ಗೋಡೆಯನ್ನೂ ಸೀಳುತ್ತದೆ. ಅವಳ ಅತ್ತೆಗೆ ಅದೇ ಜಾಗದಲ್ಲಿ ಕುರಿದೊಡ್ಡಿ ಬೇಕಿತ್ತು. ಕಡೆಗೆ ಅತ್ತೆ-ಸೊಸೆ ಒಪ್ಪಂದಕ್ಕೆ ಬಂದರು: ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆ ಸೀಳಿದರೆ ಶೆಡ್ಡು ಕುರಿಗಳಿಗೆ, ಸೊಸೆ ಮತ್ತೆ ಬೆಂಗಳೂರಿಗೆ.

ನಾನು ಸುಮ್ಮನಿರಬೇಕೋ ಬೇಡವೋ? ಬಾಯಿ ಹಾಕಿದೆ. "ಗುಜರಿಗೆ ಬಿದ್ದ ರೆಕ್ಕೆ ತರಿಸಿ, ಕತ್ತರಿಸಿ, ತೊಲೆಯ ಹಾಗೆ ಪಾಯದಲ್ಲಿ ಮಲಗಿಸಿ ಕಾಂಕ್ರೀಟು ಹಾಕೋಣಮ್ಮ. ಗೆದ್ದಲು ಹತ್ತೋದಿಲ್ಲ, ಕೊಳೆಯೋದಿಲ್ಲ." ಸೊಸೆ ಒಪ್ಪಿಬಿಟ್ಟಳು.

೧. ಬಿದ್ದ ವಿಮಾನ

ರೆಕ್ಕೆ ಹೊತ್ತ ಲಾರಿ ಊರೊಳಗೆ ಬಂದಾಗ ಚಹಾದಂಗಡಿಯ ಹಿರಿಯರೊಬ್ಬರು ಕೇಳಿದರು: "ಏನ್ರೀ ಇಂಜಿನಿಯರ್ರೆ, ವಿಮಾನ ಬಿತ್ತೇನು?"

ನಾನು ಪಕ್ಕದಲ್ಲಿ ಕೂತು ಗಾಳಿ, ಫೈಬರು, ರೆಕ್ಕೆಯ ಬಾಗು ಎಲ್ಲ ಬಿಡಿಸಿ ಹೇಳಿದೆ. ಅವರು ತಲೆಯಾಡಿಸುತ್ತ ಪೂರ್ತಿ ಕೇಳಿ, ಪಕ್ಕದವನಿಗೆ ಮೆಲ್ಲಗೆ ಅಂದರು: "ಬಿದ್ದಿದ್ದು ಖರೆ ಐತಿ. ಹೇಳಬ್ಯಾಡ ಅಂತ ಮ್ಯಾಲಿಂದ ಆರ್ಡರ್ ಬಂದೈತಿ."

ಸಂಜೆ ಹೊತ್ತಿಗೆ ಪೈಲಟನನ್ನು ನೋಡಲು ಕಣೇಕಲ್ಲಿನಿಂದ ಆಟೋ ಮಾಡಿಕೊಂಡು ಜನ ಬಂದರು.

೨. ಕಂಬಳಿ ಚಿಕಿತ್ಸೆ

ರೆಕ್ಕೆ ಕೊಯ್ಯಲು ಮಡಕಶಿರಾ ಕಡೆಯ ಮೇಸ್ತ್ರಿ ಬಂದ. "ನೀರು ಚಿಮುಕಿಸಿ ಕೊಯ್ಯಪ್ಪ. ಮಾಸ್ಕು, ಗ್ಲೌಸು ಹಾಕ್ಕೋ" ಅಂದೆ.

"ಹುಟ್ಟಿದಾಗ್ಲಿಂದ ಧೂಳಲ್ಲೇ ಬೆಳ್ದಿದೀನಿ ಸಾ. ನಂಗೇನಾಗ್ತೈತೆ?" ಅಂದ.

ಮಧ್ಯಾಹ್ನಕ್ಕೆ ಮೈಯೆಲ್ಲ ತುರಿಕೆ. ಬೇವಿನ ಮರಕ್ಕೆ ಬೆನ್ನು ಉಜ್ಜುತ್ತ ನಿಂತಿದ್ದ. ಅತ್ತೆಗೆ ಕರುಳು ಚುರುಕ್ ಅಂತು. ತನ್ನ ಕಂಬಳಿ ತಂದು ಹೊದಿಸಿ, "ಬೆವರು ಬರ್ಲಿ ತಮ್ಮ, ತುರಿಕಿ ಇಳಿತೈತಿ" ಅಂದಳು. ಮೈಗೆ ಚುಚ್ಚುವ ಗಾಜಿನೆಳೆಯ ಫೈಬರ್ ಧೂಳು, ಅದರ ಮೇಲೆ ಕುರಿ ಉಣ್ಣೆ! ಮೇಸ್ತ್ರಿ ಕಂಬಳಿ ಎಸೆದು ಕುರಿಗಳ ನೀರಿನ ತೊಟ್ಟಿಗೆ ಹಾರಿದ.

ಮರುದಿನ ಮಾಸ್ಕು, ಗ್ಲೌಸು, ತುಂಬುತೋಳಿನ ಅಂಗಿ ಎಲ್ಲ ಹಾಕಿಕೊಂಡೇ ಬಂದ. ಕಟ್ಟೆಯ ಮೇಲೆ ಅದೇ ಕಂಬಳಿ ಹೊದ್ದ ಅತ್ತೆ ಪರಪರ ಕೆರೆದುಕೊಳ್ಳುತ್ತಿದ್ದಳು.

೩. ಒಡೆಯದ ಕಾಯಿ

ಪಾಯದ ಪೂಜೆ. ಅರಿಶಿನ ಕುಂಕುಮ ಹಚ್ಚಿದ ರೆಕ್ಕೆಯ ತುಂಡಿನ ಮೇಲೆ ಪೂಜಾರಪ್ಪ ಕಾಯಿ ಕುಕ್ಕಿದರು. ಕಾಯಿ ಚೆಂಡಿನಂತೆ ಪುಟಿದು ಅವರ ಮೊಣಕಾಲಿಗೇ ಬಡಿಯಿತು. ಇನ್ನೊಮ್ಮೆ ಕುಕ್ಕಿದರು, ಮತ್ತೆ ಪುಟಿಯಿತು.

"ಅಪಶಕುನ! ನಾ ಕುರಿ ಹೊಡ್ಕೊಂಡು ಬರ್ತೀನಿ" ಎಂದು ಅತ್ತೆ ಎದ್ದಳು.

ಸೊಸೆ ಬಿಡಲಿಲ್ಲ: "ಇಷ್ಟು ಕುಕ್ಕಿದ್ರೂ ರೆಕ್ಕಿಗೆ ಒಂದು ಗೀರು ಬಿದ್ದೈತೇನತ್ತಿ? ಇನ್ನ ಮಣ್ಣಿಗೆ ಹೆದರ್ತೈತೇನು?"

ಅತ್ತೆ ಗೊಣಗುತ್ತ ಕುರಿಗಳ ಕಡೆ ಹೋದ ಮೇಲೆ, ಹತ್ತಿರ ಸಿಕ್ಕ ಕಲ್ಲೊಂದನ್ನು ತಂದು ಅದರ ಮೇಲೆ ಒಡೆದಾಯಿತು. ಪೂಜಾರಪ್ಪ, "ಪೂಜಿ ಇದಕ್ಕ ಮುಟ್ಟೈತ್ರಿ, ಇದನ್ನೂ ಪಾಯಕ್ಕ ಹಾಕ್ರಿ" ಅಂದರು. ಹಾಕಿದೆವು.

ಮರುದಿನ ಅತ್ತೆ ಬಟ್ಟೆ ಒಗೆಯುವ ಕಲ್ಲು ಹುಡುಕುತ್ತ ಬೀದಿಯೆಲ್ಲ ತಿರುಗಿದಳು.

೪. ಸೀಳು

ಶೆಡ್ಡು ಎದ್ದಿತು, ಮಷಿನ್ನುಗಳು ಬಂದವು, ಮಳೆಯೂ ಹೊಡೆಯಿತು. ಆಮೇಲೆ ಚುರುಚುರು ಬಿಸಿಲು. ಬೀದಿಯ ಗೋಡೆಗಳೆಲ್ಲ ಒಂದೊಂದಾಗಿ ಬಾಯಿಬಿಟ್ಟವು. ಅತ್ತೆ ದಿನಾ ಬೆಳಗ್ಗೆ ಬಂದು, ಕೊಳ್ಳುವ ಟಗರಿನ ಮೈ ಸವರಿದಂತೆ ಶೆಡ್ಡಿನ ಗೋಡೆ ಸವರಿ ಹೋಗುತ್ತಿದ್ದಳು.

ಮಳೆಗಾಲ ಮುಗಿದ ಮೇಲೆ ಕೊನೆಯ ತಪಾಸಣೆ. ಸೊಸೆ ಮಷಿನ್ ನಿಲ್ಲಿಸಿ ಎದ್ದು ನಿಂತಳು. ಅತ್ತೆ ನಾಲ್ಕೂ ಮೂಲೆ ಮುಟ್ಟಿ ನೋಡಿದಳು. ಒಂದು ಕೂದಲೆಳೆ ಸೀಳೂ ಇಲ್ಲ. "ಹೊಲ್ಕೋ ಹೋಗವ್ವ. ಬೆಂಗಳೂರು ಬ್ಯಾಡ" ಅಂದಳು. ಸೊಸೆ ಅತ್ತಳೋ ನಕ್ಕಳೋ ತಿಳಿಯಲಿಲ್ಲ. ಮಷಿನ್ ಮಾತ್ರ ಗರ್ರ್ ಅಂತು.

ನಾನು ಇದೇ ಸಮಯವೆಂದು, ಎರೆಮಣ್ಣು ಹೇಗೆ ಉಬ್ಬುತ್ತದೆ, ರೆಕ್ಕೆ ಹೇಗೆ ತಡೆಯುತ್ತದೆ ಅಂತ ಶುರುಮಾಡಿದೆ. ಅತ್ತೆ ಸೊಂಟಕ್ಕೆ ಕೈಯಿಟ್ಟು ಕೇಳಿದಳು:

"ಯಜಮಾನ್ರೆ, ಆ ರೆಕ್ಕಿನೂ ರಿಟೈರ್ ಆಗೈತಿ, ನೀವೂ ರಿಟೈರ್ ಆಗೀರಿ. ಅದನ್ನ ನೋಡ್ರಿ, ಬಾಯಿ ಮುಚ್ಕೊಂಡು ಮಲಗಿ ಇಡೀ ಶೆಡ್ಡು ಹೊತ್ತೈತಿ!"

ನಮ್ಮ ಮನೆ ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ನಕ್ಕಿದ್ದೇ ನಕ್ಕಿದ್ದು. ಈಗ ನಾನು ಯಾವ ವಿಷಯ ವಿವರಿಸಲು ಹೊರಟರೂ ಅವಳದು ಒಂದೇ ಪ್ರಶ್ನೆ:

"ಪಾಯ ತೋಡಿಸ್ಲೇನ್ರಿ?"