ಚಂದ್ರಿಯ ಹಗ್ಗ, ನನ್ನ ಕೊರಳು

ಅಂದು ನಾನು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು, ಮೀಸೆ ತಿರುವಿ, ಕಲ್ಲಿನ ಮೇಲೆ ಕೆತ್ತಿಸಿಡಬಹುದಾದಂಥ ಪ್ರತಿಜ್ಞೆ ಮಾಡಿದೆ.

"ಬರೂ ಐತವಾರ ನಮ್ಮೂರ ಸಾಲಿ ಮೈದಾನದಾಗ ಮಂದಿನ್ನೆಲ್ಲ ಕುರ್ಚಿಯಿಂದ ಎಬ್ಬಿಸ್ಲಿಲ್ಲಂದ್ರ ನನ್ನ ಹೆಸರು ಅಮೋಘಸಿದ್ದಪ್ಪ ಅಲ್ಲ! ಬ್ಯಾಂಜೋ ಅಟ್ಟಕ್ಕ ಹಾಕಿ, ದಿನಾ ಸೆಗಣಿ ಬಳೀತೀನಿ!"

ನನ್ನ ಹೆಂಡತಿ ಸುಮನಬಾಯಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ.

"ಹೆಸರು ಇರ್ಲಿ ಬಿಡ್ರಿ, ರೇಷನ್ ಕಾರ್ಡಿನ್ಯಾಗ ತಿದ್ಸೂದು ತ್ರಾಸ ಅದ. ಸೆಗಣಿ ಮಾತು ಮಾತ್ರ ನೆನಪಿಡ್ರಿ."

ಬ್ಯಾಂಜೋ ಎಂದರೆ ನಮ್ಮ ಕಡೆ ಮದುವೆ ಮೆರವಣಿಗೆಯಲ್ಲಿ ಬಾರಿಸುವ, ಟೈಪ್‌ರೈಟರಿನಂಥ ಗುಂಡಿಗಳಿರುವ ತಂತಿವಾದ್ಯ. ಗುರುವಿಲ್ಲ, ಪಾಠವಿಲ್ಲ, ಕುರಿ ಮೇಯಿಸುತ್ತ ಬಂಡೆಯ ಮೇಲೆ ಕುಳಿತು, ಬೆರಳು ಬೊಬ್ಬೆ ಏಳುವ ತನಕ ಮೀಟಿ ನಾನೇ ಕಲಿತದ್ದು. "ನನಗ ಯಾರೂ ಕಲಿಸಿಲ್ಲ" ಎಂದು ಹೆಮ್ಮೆಯಿಂದ ಹೇಳಿದರೆ, "ಕೇಳಿದವ್ರಿಗೆ ಗೊತ್ತಾಗ್ತದ" ಎನ್ನುತ್ತಾಳೆ ಸುಮನಬಾಯಿ. ಆದರೂ ಸಂಜೆ ಅವಳು ನಮ್ಮ ಎಮ್ಮೆ ಚಂದ್ರಿಯ ಹಾಲು ಕರೆಯುವಾಗ ನಾನು ಕೊಟ್ಟಿಗೆಯಲ್ಲೇ ಕುಳಿತು ಬಾರಿಸುತ್ತೇನೆ. ಚಂದ್ರಿ ಕಿವಿ ಅಲ್ಲಾಡಿಸುತ್ತಾಳೆ. ಅದು ಮೆಚ್ಚುಗೆಯೋ ನೊಣವೋ ಎಂದು ನಾನು ವಿಚಾರಿಸಲು ಹೋಗಿಲ್ಲ.

ಹುಮನಾಬಾದಿನ ಹುಡುಗರದೊಂದು ರಾಕ್ ಬ್ಯಾಂಡಿದೆ, 'ಚಾಲುಕ್ಯ ರಾಕರ್ಸ್'. ಹಾಡುವವನು ಮೋಟರ್ ಮೆಕ್ಯಾನಿಕ್ ಫೈಜಲ, ಡ್ರಮ್ಮು ಬಡಿಯುವವನು ಸಂಘರತ್ನ. ಗಿಟಾರಿನ ಹುಡುಗ ಮದುವೆಯಾಗಿ ಲಾತೂರಿನಲ್ಲಿ ಮಾವನ ಕಿರಾಣಿ ಅಂಗಡಿ ಸೇರಿದ. ಆ ಸಿಂಹಾಸನಕ್ಕೆ ನನ್ನನ್ನು ಕರೆತಂದರು. ಫೈಜಲ ನನ್ನ ಬ್ಯಾಂಜೋಕ್ಕೆ ಏನೋ ಒಂದು ಪೆಟ್ಟಿಗೆ ಜೋಡಿಸಿದ. ಮೀಟಿದೆ. ಕಬ್ಬಿನ ಗಾಣಕ್ಕೆ ಕಲ್ಲು ಸಿಕ್ಕಂತೆ ಗರ್ಜಿಸಿತು!

"ಇದ ರಾಕ್, ಕಾಕಾ!" ಎಂದ ಫೈಜಲ.

ನಮ್ಮ ಮೊದಲ ದಂಡಯಾತ್ರೆ ಬಸವಕಲ್ಯಾಣಕ್ಕೆ. ಒಂದು ಮೊಬೈಲ್ ಅಂಗಡಿಯ ಉದ್ಘಾಟನೆ. ಜನ ಕೈಕಟ್ಟಿ ಕುಳಿತಿದ್ದರು, ಹಲ್ಲಿನ ಡಾಕ್ಟರ ಮುಂದೆ ಪಾಳಿ ಕಾಯುವವರಂತೆ. ಅಷ್ಟರಲ್ಲಿ ಅಂಗಡಿಯವನು ಹಾಡು ನಿಲ್ಲಿಸಿ ಮೈಕು ಕಸಿದು, "ಬಾಗಲದಾಗ ಯಾರದೋ ಕರೇ ಬೈಕ್ ಅಡ್ಡ ನಿಂತದ, ತಗೀರಿ" ಎಂದ. ಅಬ್ಬಾ! ನಮ್ಮ ಹಾಡಿಗೆ ಕದಲದ ಕುತ್ತಿಗೆಗಳೆಲ್ಲ ಒಂದೇ ಸಲ ತಿರುಗಿದವು!

ನನಗೆ ಕುತೂಹಲ ಹುಳುವಿನಂತೆ ಹೊಕ್ಕಿತು. ಬೈಕಿಗೆ ತಿರುಗುವ ಮಂದಿ ಬ್ಯಾಂಜೋಕ್ಕೆ ಯಾಕೆ ತಿರುಗುವುದಿಲ್ಲ? ಬಸ್ಸಿನಲ್ಲಿ ಮರಳುವಾಗ ಥಟ್ಟನೆ ಹೊಳೆಯಿತು. ನಾನು ಮೇಜಿನ ಮುಂದೆ ಕುಳಿತು ಬಾರಿಸಿದ್ದೆ! ಮುಂದಿನ ಕುರಿ ಕುಳಿತರೆ ಹಿಂಡೆಲ್ಲ ಕೂರುತ್ತದೆ. ಮುಂದಿನದು ಎದ್ದರೆ ಹಿಂಡೂ ಏಳುತ್ತದೆ. ಹಾಗಾದರೆ ನಾನು ನಿಂತು ಬಾರಿಸಬೇಕು!

ಅದಕ್ಕೇ ಆ ಪ್ರತಿಜ್ಞೆ. ಆದರೆ ನಿಲ್ಲಬೇಕಾದರೆ ಬ್ಯಾಂಜೋ ಕೊರಳಿಗೆ ತೂಗಬೇಕು. ತೂಗಲು ಪಟ್ಟಿ ಬೇಕು. ಐತವಾರ ಸಂಜೆ ಮನೆಯೆಲ್ಲ ಹುಡುಕಿದೆ. ಧೋತರ ಜಾರಿತು, ಟವೆಲ್ಲು ಹರಿಯಿತು. ಆಗ ಕಣ್ಣಿಗೆ ಬಿದ್ದದ್ದು ಚಂದ್ರಿಯ ಕೊರಳ ಹಗ್ಗ! ಕೆಂಪು ಬಣ್ಣ, ಉಣ್ಣೆಯ ಕುಚ್ಚು, ಹಿತ್ತಾಳೆಯ ಗಂಟೆ. ಯಾವ ಶಹರದ ಗಿಟಾರಿನವನಿಗೆ ಇಂಥ ವೈಭವವಿದೆ? ಹಗ್ಗ ಬಿಚ್ಚಿಕೊಂಡೆ. ಚಂದ್ರಿಯನ್ನು ಹಳೆಯ ಸೀರೆಯ ಸೆರಗಿನಿಂದ ಗೂಟಕ್ಕೆ ಕಟ್ಟಿ ಮೈದಾನಕ್ಕೆ ಓಡಿದೆ.

ಅಲ್ಲಿ ಕ್ರಿಕೆಟ್ ಪಂದ್ಯದ ಬಹುಮಾನ ಸಮಾರಂಭ. ಊರಿಗೆ ಊರೇ ಕುರ್ಚಿಯಲ್ಲಿತ್ತು. ನಾನು ನಿಂತೆ. ಗರ್ಜಿಸಿದೆ. ಒಂದೊಂದು ಮೀಟಿಗೂ ಕೊರಳಲ್ಲಿ ಗಂಟೆ ಠಣ್ ಎಂದಿತು. ಒಬ್ಬರೂ ಏಳಲಿಲ್ಲ.

"ಕೈ ಮ್ಯಾಲ ಮಾಡ್ರಿ!" ಎಂದು ಕೂಗಿದೆ.

ಮುಂದಿನ ಸಾಲಿನಲ್ಲಿ ಮಾಜಿ ಪಂಚಾಯ್ತಿ ಮೆಂಬರ್ ಮಹಾರುದ್ರಪ್ಪ ಒಬ್ಬರೇ ಕೈ ಎತ್ತಿದರು.

"ಎತ್ತೀನಪಾ. ಯಾವ ಠರಾವು ಪಾಸ್ ಮಾಡಾಕತ್ತೀ?"

ಸೆಗಣಿಯ ಬುಟ್ಟಿ ಕಣ್ಮುಂದೆ ತೇಲಿತು. ಎರಡನೆಯ ಹಾಡಿನ ನಡುವೆ ಜನರನ್ನು ಸೀಳಿಕೊಂಡು ಯಾರೋ ಬಂದರು. ಖಾಲಿ ಹಾಲಿನ ಚರಿಗೆ ಸೊಂಟದಲ್ಲಿ, ಸೆರಗು ಬಿಗಿದು, ಸುಮನಬಾಯಿ! ನೇರ ವೇದಿಕೆ ಏರಿ ಫೈಜಲನ ಕೈಯಿಂದ ಮೈಕು ಕಿತ್ತುಕೊಂಡಳು.

"ಕೇಳ್ರೆವ್ವಾ, ಕೇಳ್ರೆಪ್ಪಾ! ನಮ್ಮ ಚಂದ್ರಿ ಕೊಟ್ಟಿಗಿ ಬಿಟ್ಟು ಹೋಗ್ಯಾಳ!"

ಮೈದಾನದ ಕುತ್ತಿಗೆಗಳೆಲ್ಲ ನೆಟ್ಟಗಾದವು. ಸಂಘರತ್ನ ಅಭ್ಯಾಸಬಲದಿಂದ 'ಧಡ್ ಧಡ್' ಎಂದು ಬಡಿದ.

"ಕೋಡು ಹ್ಯಾಂಗವ?" ಎಂದಿತು ಮಂದಿ.

"ಒಂದು ಮ್ಯಾಲ, ಒಂದು ಕೆಳಗ!" ಧಡ್ ಧಡ್!

"ಹಣಿ ಮ್ಯಾಲ?"

"ಬಿಳೀ ಚಿಕ್ಕಿ!" ಧಡ್ ಧಡ್! ಮಕ್ಕಳು ಚಪ್ಪಾಳೆ ಶುರುವಿಟ್ಟುಕೊಂಡರು.

"ಕೊರಳಾಗ?"

"ಕೆಂಪು ಹಗ್ಗ, ಹಿತ್ತಾಳಿ ಗಂಟಿ..." ಎನ್ನುತ್ತ ಸುಮನಬಾಯಿ ನನ್ನತ್ತ ತಿರುಗಿದಳು. ನಾನು ಉಸಿರು ಬಿಗಿಹಿಡಿದೆ. ಹಾಳು ಗಂಟೆ, ಠಣ್ ಎಂದಿತು.

"...ಹಗ್ಗ ಸಿಕ್ತ್ರಿ!" ಎಂದಳು ಮೈಕಿನಲ್ಲೇ. "ಎಮ್ಮಿ ಅಷ್ಟ ಹುಡುಕ್ರಿ!"

ನಗೆಯ ಅಬ್ಬರಕ್ಕೆ ಶಾಮಿಯಾನ ಹಾರಲಿಲ್ಲ, ಪುಣ್ಯ. ಆಮೇಲೆ ನಮ್ಮ ಇಡೀ ಊರು ದಡದಡನೆ ಕುರ್ಚಿಯಿಂದ ಎದ್ದಿತು! ಮಹಾರುದ್ರಪ್ಪನವರೂ ಎದ್ದರು! ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಮೈದಾನ ಖಾಲಿ.

"ಎದ್ರು! ಎಲ್ಲಾರೂ ಎದ್ರು! ಗೆದ್ದೆ!" ಎಂದು ಕುಣಿದೆ.

"ನನ್ನ ಎಮ್ಮಿ ಹುಡುಕಾಕ ಎದ್ದಾರ್ರಿ, ನಿಮ್ಮ ಹಾಡಿಗಲ್ಲ," ಎಂದಳು.

ಜನ ಹೊಲ, ಹಳ್ಳ, ರಸ್ತೆ ಜಾಲಾಡುತ್ತಿರುವಾಗ ವೇದಿಕೆಯ ಹಿಂದಿನಿಂದ ಒಂದು ದೀರ್ಘ ಉಸಿರು ಕೇಳಿತು. ಬಗ್ಗಿ ನೋಡಿದರೆ ಚಂದ್ರಿ! ಕೊರಳಲ್ಲಿ ಸೆರಗಿನ ತುಂಡು. ನನ್ನ ಬ್ಯಾಂಜೋ ದನಿ ಹಿಡಿದು ಬಂದು, ಸ್ಪೀಕರಿಗೆ ಕಿವಿ ಕೊಟ್ಟು, ನಮ್ಮ ಸನ್ಮಾನಕ್ಕೆ ತಂದಿದ್ದ ಚೆಂಡುಹೂವಿನ ಹಾರಗಳನ್ನು ಶಾಂತವಾಗಿ ಮೇಯುತ್ತಿದ್ದಳು.

ಸುಮನಬಾಯಿ ಚರಿಗೆ ಹಿಡಿದು ಅಲ್ಲೇ ಕುಳಿತಳು. ಕೆಚ್ಚಲು ನೀವಿದಳು. ಒಂದು ಹನಿ ಇಲ್ಲ.

"ಏನ್ ನೋಡಾಕತ್ತೀರಿ? ಬಾರಿಸ್ರಿ!"

ಬಾರಿಸಿದೆ. ಹಾಲು ಚರ್ ಚರ್ ಎಂದು ಚರಿಗೆಗೆ ಇಳಿಯಿತು.

ಮರುದಿನ ಫೈಜಲ ಬೈಕಿನಲ್ಲಿ ಹಾರಿ ಬಂದ.

"ಬಸವಕಲ್ಯಾಣದವ್ರು ಮತ್ತ ಕರದಾರ ಕಾಕಾ! ಯಾರೋ ವಿಡಿಯೋ ಕಳಿಸ್ಯಾರಂತ. ಪಬ್ಲಿಕ್ ಹುಚ್ಚ ಆಗ್ಯದ!"

ನಾನು ಮೀಸೆಗೆ ಎಣ್ಣೆ ಹಚ್ಚಿದೆ. "ಯಾವಾಗ ಹೊರಡೂದು?"

ಫೈಜಲ ನನ್ನ ಭುಜದ ಮೇಲಿಂದ ಅಡುಗೆಮನೆಯತ್ತ ನೋಡುತ್ತ, "ಅದು... ಕಾಕೂಗ ಕರದಾರ," ಎಂದ.

ಒಳಗಿನಿಂದ ಉತ್ತರ ಬಂತು.

"ಬರ್ತೀನಪಾ. ಆದ್ರ ನಿಮ್ಮ ಕಾಕಾಗ ಮನ್ಯಾಗ ಬಿಟ್ಟು ಬರ್ತೀನಿ. ಅವರು ಬಾರಿಸ್ಲಿಲ್ಲಂದ್ರ ಎಮ್ಮಿ ಹಾಲು ಕೊಡೂದಿಲ್ಲ. ಸೆಗಣಿ ಬ್ಯಾರೆ ಬಳೀಬೇಕಲ್ಲ!"

ಈಗ ಚಾಲುಕ್ಯ ರಾಕರ್ಸ್ ಸುಮನಬಾಯಿಯ ಜೊತೆ ಊರೂರು ತಿರುಗುತ್ತದೆ. ಬ್ಯಾಂಜೋ ಅಟ್ಟ ಏರಲಿಲ್ಲ. ನನ್ನ ಕಾರ್ಯಕ್ರಮ ಪ್ರತಿ ಸಂಜೆ ಕೊಟ್ಟಿಗೆಯಲ್ಲಿ ನಡೆಯುತ್ತದೆ. ಅಭಿಮಾನಿ ಒಬ್ಬಳೇ ಆದರೂ ಕೇಳುವಷ್ಟು ಹೊತ್ತೂ ನಿಂತೇ ಕೇಳುತ್ತಾಳೆ, ನಡುವೆ ಬಿಟ್ಟು ಹೋಗುವುದಿಲ್ಲ.

ಹೋಗುವುದು ಹೇಗೆ? ಹಗ್ಗ ವಾಪಸು ಕಟ್ಟಿದ್ದೇನಲ್ಲ!