ಭಾವನವರ ಗುಲಾಬಿ ನೀರು

ನಮ್ಮ ಭಾವನವರ ಲೆಕ್ಕದಲ್ಲಿ ಈ ಲೋಕದಲ್ಲಿ ಎರಡೇ ಜಾತಿ: ನೀರಿನಲ್ಲಿ ಕರಗುವವು, ಕರಗದವು. ಮನುಷ್ಯರು ಯಾವುದರಲ್ಲಿ ಬರುತ್ತಾರೆ ಎಂದು ನೀವು ಕೇಳಬಹುದು. ಮನುಷ್ಯರನ್ನು ಅವರು ಇನ್ನೂ ಗಮನಿಸಿಯೇ ಇರಲಿಲ್ಲ!

ಪುಣೆಯ ಒಂದು ಕಾಲೇಜಿನಲ್ಲಿ ಅವರು ರಸಾಯನಶಾಸ್ತ್ರ ಕಲಿಸುತ್ತಿದ್ದರು. ನಮ್ಮಕ್ಕನನ್ನು ನೋಡಲು ಧಾರವಾಡಕ್ಕೆ ಬಂದಾಗ ಕನ್ಯೆಗಿಂತ ಹೆಚ್ಚಾಗಿ ಕೈಯಲ್ಲಿದ್ದ ಪಾನಕದ ಲೋಟವನ್ನೇ ನೋಡಿದರು. ನಮ್ಮಪ್ಪ "ಏನರೆ ಕೇಳೂದಿದ್ರ ಕೇಳ್ರಿ" ಎಂದು ಧೈರ್ಯ ಕೊಟ್ಟರು. ಭಾವ ಗಂಟಲು ಸರಿಪಡಿಸಿಕೊಂಡು, "ಸಕ್ಕರಿ ನೀರಾಗ ಯಾಕ ಕರಗ್ತದ?" ಎಂದರು. ಹಾಡು ಬರುತ್ತದೆಯೇ, ಅಡುಗೆ ಬರುತ್ತದೆಯೇ ಎಂಬ ಪ್ರಶ್ನೆಗಳಿಗೆ ತಯಾರಾಗಿ ಕುಳಿತಿದ್ದ ಅಕ್ಕ, "ಚಮಚಾ ತಗೊಂಡು ತಿರುವಿದ್ರ ಕರಗ್ತದ್ರಿ" ಎಂದಳು. ಇಷ್ಟು ತಪ್ಪು ಉತ್ತರವನ್ನು ಇಷ್ಟು ಧೈರ್ಯದಿಂದ ಹೇಳುವವರು ತಮ್ಮ ಕ್ಲಾಸಿನಲ್ಲೂ ಇಲ್ಲವೆಂದು ಭಾವ ಅಲ್ಲಿಯೇ ಒಪ್ಪಿಗೆ ಕೊಟ್ಟರು.

ಮದುವೆಯ ನಂತರ ನಾನೂ ಕಾಲೇಜು ಓದಲೆಂದು ಅವರ ಮನೆ ಸೇರಿದೆ. ಸದಾಶಿವ ಪೇಟೆಯ ಹಳೆಯ ವಾಡೆ. ನಡುವೆ ಅಂಗಳ, ಅಂಗಳದಲ್ಲಿ ಎಲ್ಲರಿಗೂ ಸೇರಿದ ನೀರಿನ ತೊಟ್ಟಿ, ಸುತ್ತ ಹನ್ನೆರಡು ಸಂಸಾರ. ಊಟಕ್ಕೆ ಕುಳಿತರೆ ಪಾಠ ಶುರು. ಸಾರಿನ ಮೇಲೆ ತೇಲುವ ಒಗ್ಗರಣೆಯ ಎಣ್ಣೆಯನ್ನು ತೋರಿಸಿ ಭಾವ ಹೇಳುತ್ತಿದ್ದರು: "ನೋಡೋ, ನೀರಿನ ಕಣಕ್ಕ ಕೈ ಅವ. ಸಕ್ಕರಿಗೂ ಮೈತುಂಬ ಕೈ. ಒಂದರ ಕೈ ಇನ್ನೊಂದು ಹಿಡೀತದ, ಸಕ್ಕರಿ ಕರಗ್ತದ. ಎಣ್ಣೀಗೆ ಬರೇ ಉದ್ದನ್ನ ಬಾಲ! ಬಾಲ ಹಿಡಕೊಂಡು ನೀರು ಏನ ಮಾಡಬೇಕು?"

"ಮತ್ತ ಸ್ಪಿರಿಟ್?"

"ಅದು ಭಾಳ ಬೆರಕಿ. ಗಿಡ್ಡ ಬಾಲ, ಒಂದು ಕೈ. ಅತ್ತರದ ಜೋಡಿನೂ ಗೆಳೆತನ, ನೀರಿನ ಜೋಡಿನೂ ಗೆಳೆತನ!"

ಅಷ್ಟರಲ್ಲಿ ಸಾರು ಆರಿ ತಣ್ಣಗಾಗಿರುತ್ತಿತ್ತು. ನಾನು ಆಕಳಿಸುತ್ತಿದ್ದೆ. ಅಕ್ಕ ಮಾತ್ರ ಗಲ್ಲಕ್ಕೆ ಕೈಕೊಟ್ಟು ಪೂರ್ತಿ ಕೇಳಿ, ಆಮೇಲೆ ಸಾರನ್ನು ಮತ್ತೆ ಬಿಸಿ ಮಾಡಿ ತರುತ್ತಿದ್ದಳು.

ಅವಳಿಗೆ ಮರಾಠಿ ಬಾರದು. ತೊಟ್ಟಿಯ ಸುತ್ತ ಹೆಂಗಸರು ನಗುತ್ತ ಮಾತಾಡುತ್ತಿದ್ದರೆ ಇವಳು ಕೊಡ ತುಂಬಿಕೊಂಡು ಸುಮ್ಮನೆ ಬಂದುಬಿಡುತ್ತಿದ್ದಳು. "ನಾಕು ಮಾತು ಕಲಸ್ರಿ" ಎಂದು ದಿನವೂ ಕೇಳಿದರೂ ಭಾವನಿಗೆ ಪುರುಸೊತ್ತಿಲ್ಲ. ನನ್ನ ಮರಾಠಿಯೋ ಕ್ರಿಕೆಟ್ ಮೈದಾನದಲ್ಲಿ ಕಲಿತದ್ದು, ಹೆಂಗಸರ ಮುಂದೆ ಆಡುವಂಥದ್ದಲ್ಲ!

ಚೈತ್ರದಲ್ಲಿ ಗೌರಿಯನ್ನು ಕೂರಿಸಿ ಮುತ್ತೈದೆಯರನ್ನು ಅರಿಷಿಣ ಕುಂಕುಮಕ್ಕೆ ಕರೆಯುವ ಪದ್ಧತಿ ಅಲ್ಲೂ ಉಂಟು, ನಮ್ಮಲ್ಲೂ ಉಂಟು. ಈ ಒಂದು ಸಂಜೆ ನೆಟ್ಟಗೆ ನಡೆದರೆ ವಾಡೆಯವರು ತನ್ನನ್ನು ತಮ್ಮವಳೆಂದುಕೊಂಡಾರು ಎಂದು ಅಕ್ಕನ ಆಸೆ. ಮದುವೆಯಾಗಿ ಬಂದ ಎಂಟು ತಿಂಗಳಲ್ಲಿ ಮೊದಲ ಸಲ ಮನೆಮನೆಗೆ ಹೋಗಿ, ಕೈಸನ್ನೆಯಲ್ಲೇ ಎಲ್ಲರನ್ನೂ ಕರೆದು ಬಂದಳು. ಮಾವಿನಕಾಯಿ ಹಾಕಿ ಕೋಸಂಬರಿ ಕಲಸಿದಳು. ಬಂದವರ ಮೇಲೆ ಚಿಮುಕಿಸಲು ಗುಲಾಬಿ ನೀರು ತಂದುಕೊಡಿ ಎಂದು ಗಂಡನಿಗೆ ಹೇಳಿದಳು.

"ಪ್ಯಾಟ್ಯಾಗಿಂದು ಯಾಕ? ನಾನ ಮಾಡ್ತೀನಿ" ಎಂದರು ಭಾವ. ಅಲ್ಲಿಗೆ ಕೆಟ್ಟಿತು!

ಗುಲಾಬಿ ಅತ್ತರು ನೀರಿನಲ್ಲಿ ಕರಗುವುದಿಲ್ಲ. ಅದಕ್ಕೇ ಭಾವ ಅದನ್ನು ಮೊದಲು ಸ್ಪಿರಿಟ್ಟಿನಲ್ಲಿ ಕರಗಿಸಿ, ಮೇಲೆ ನೀರು ಸುರಿದರು. ಇಡೀ ಪಾತ್ರೆ ಬೆಳ್ಳಗಾಯಿತು.

"ಏನ್ರೀ ಇದು, ಮಜ್ಜಿಗಿ ಆತಲ್ರಿ!" ಎಂದಳು ಅಕ್ಕ.

"ನೀರು ಹೆಚ್ಚಾತು. ಸ್ಪಿರಿಟ್ ಅತ್ತರದ ಸಂಗ ಬಿಟ್ಟು ನೀರಿನ ಕಡೆ ಹೋತು. ತಡಿ, ಇನ್ನಷ್ಟು ಸ್ಪಿರಿಟ್ ಹಾಕೋಣು."

ತಿಳಿಯಾಗುವವರೆಗೂ ಹಾಕಿದರು. ಶಾಸ್ತ್ರದ ಪ್ರಕಾರ ಎಲ್ಲ ಸರಿಯೇ! ಸಂಜೆ ಹನ್ನೊಂದು ಮನೆಯ ಹೆಂಗಸರು ಒಂಬತ್ತು ಗಜದ ನೌವಾರಿ ಸೀರೆ ಉಟ್ಟು ಬಂದು ಕುಳಿತರು. ಅಕ್ಕ ನಗುನಗುತ್ತ ಗುಲಾಬಿ ದಾನಿಯಿಂದ ಚಿಮುಕಿಸಿದಳು. ಎಲ್ಲರಿಗಿಂತ ಹಿರಿಯರಾದ ಮಹಡಿಯ ಕಾಕೂ ತಮ್ಮ ಸೆರಗನ್ನು ಮೂಸಿ ನೋಡಿ, "ಅಗಬಾಯೀ, ದಾರೂ!" ಎಂದು, ಹೆಂಡವನ್ನೇ ಮೈಮೇಲೆ ಸುರಿದಂತೆ ಎದ್ದು ನಿಂತರು.

ಭಾವ ಒಳಗಿನಿಂದ ಓಡಿ ಬಂದು, "ದಾರೂ ಅಲ್ರೀ, ಅದು ಆಲ್ಕೊಹಾಲ್!" ಎಂದು ಕನ್ನಡದಲ್ಲಿ ಕೂಗಿದರು. ಅಲ್ಲಿದ್ದವರಿಗೆ ಅದರಲ್ಲಿ ತಿಳಿದದ್ದು ಎರಡೇ ಶಬ್ದ, ಯಾವವೆಂದು ಹೇಳಬೇಕೇ?

ಕ್ಷಣದಲ್ಲಿ ಮನೆ ಖಾಲಿಯಾಯಿತು. ಕೋಸಂಬರಿಯನ್ನು ಯಾರೂ ಮುಟ್ಟಲಿಲ್ಲ. ಅಕ್ಕ ಅಳಲಿಲ್ಲ, ಟ್ರಂಕು ಎಳೆದು ಸೀರೆ ತುಂಬತೊಡಗಿದಳು. "ನನ್ನ ಧಾರವಾಡಕ್ಕ ಬಿಟ್ಟು ಬರ್ರಿ. ಇನ್ನ ಈ ಮಂದೀಗೆ ಹ್ಯಾಂಗ ಮಾರಿ ತೋರಸ್ಲಿ?" ಎಂದಳು.

ಭಾವ ಅತ್ತರಿನ ಸೀಸೆ, ಸ್ಪಿರಿಟ್ಟಿನ ಸೀಸೆ, ಒಂದು ಗಾಜಿನ ಲೋಟ ತೆಗೆದುಕೊಂಡು ಅಂಗಳಕ್ಕೆ ನಡೆದರು. ದೇವರೇ, ಇದರ ಮೇಲೆ ಪಾಠ ಬೇರೆಯೇ ಎಂದು ನಾನು ಬಾಗಿಲಿನವರೆಗೆ ಓಡಿದೆ. ತೊಟ್ಟಿಯ ಹತ್ತಿರ ಹೆಂಗಸರು ಗುಂಪುಗೂಡಿ ನಮ್ಮ ಬಗ್ಗೆಯೇ ಮಾತಾಡುತ್ತಿದ್ದರು. ಭಾವ ಲೋಟ ಎತ್ತಿದರು, ಅದನ್ನೇ ನೋಡಿದರು, ಯಾಕೋ ಕೆಳಗಿಟ್ಟುಬಿಟ್ಟರು.

"ಚೂಕ ಮಾಝೀ ಆಹೇ" ಎಂದರು. ತಪ್ಪು ನನ್ನದು. ಆರು ವರ್ಷದಿಂದ ಅಲ್ಲಿದ್ದ ಮನುಷ್ಯನ ದನಿಯನ್ನು ಆ ಹೆಂಗಸರು ನೆಟ್ಟಗೆ ಕೇಳಿದ್ದು ಅದೇ ಮೊದಲು. ಟ್ರಂಕು ಬಿಟ್ಟು ಬಂದ ಅಕ್ಕನಿಗೆ ನಾನು ಬಾಗಿಲ ಹಿಂದೆ ನಿಂತು ಭಾವನ ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳುತ್ತಾ ಹೋದೆ: ಆಕೆ ಪೇಟೆಯ ಗುಲಾಬಿ ನೀರು ಕೇಳಿದ್ದಳು, ನಾನೇ ಬೇಡವೆಂದೆ. ನಿಮ್ಮ ಭಾಷೆ ಕಲಿಸಿ ಎಂದು ದಿನವೂ ಕೇಳುತ್ತಾಳೆ, ನಾನೇ ಕಲಿಸಲಿಲ್ಲ. ನನ್ನನ್ನು ಬೇಕಾದರೆ ಬಯ್ಯಿರಿ, ಅವಳನ್ನು ನಿಮ್ಮ ನಡುವೆ ಕರೆದುಕೊಳ್ಳಿ.

ಮುಂದಿನ ಮಾತು ಕೇಳಿ ನಾನು ಅಕ್ಕನಿಗೆ ಹೇಳುವುದನ್ನೇ ಮರೆತೆ. ಮನೆ ಸೇರಿದಾಗಿನಿಂದ ನಾನು ಗೇಲಿ ಮಾಡಿಕೊಂಡೇ ಬಂದ ಮನುಷ್ಯನ ಮೇಲೆ ಹೇಳಲಾರದಷ್ಟು ಪ್ರೀತಿ ಬಂತು.

"ಏನಂದ್ರೋ? ಹೇಳೋ!" ಎಂದು ಅಕ್ಕ ನನ್ನ ತೋಳು ಅಲುಗಾಡಿಸಿದಳು.

"ಆಕಿ ಊರಿಗೆ ಹೋದ್ರ ನನ್ನ ಮಾತು ಕೇಳವ್ರು ಈ ಪುಣೇದಾಗ ಯಾರೂ ಇಲ್ಲ ಅಂದ್ರು" ಎಂದೆ.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಅವ್ರ ಮರಾಠಿ ಭಾಳ ಕೆಟ್ಟ ಅದ, ಹೌದಲ್ಲೋ?" ಎಂದಳು. ಆಮೇಲೆ ಕೋಸಂಬರಿಯ ಬೋಗುಣಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಅಂಗಳ ದಾಟಿ, ಗಂಡನ ಪಕ್ಕದಲ್ಲಿ ಹೋಗಿ ನಿಂತಳು. ಮೊದಲು ಕೈ ಚಾಚಿದವರು ಮಹಡಿಯ ಕಾಕೂ.