ಮೂರು ಶೀಟಿಗೂ ಒಂದೇ ಮೆಂತ್ಯ

ನಾನು ದಿನಚರಿ ಬರೆಯುವವಳು. ಹಾಗಂತ ನನ್ನ ನೆನಪನ್ನು ನಂಬಬೇಡಿ; ನಂಬುವ ಹಾಗಿದ್ದರೆ ದಿನಚರಿ ಯಾಕೆ ಬರೆಯುತ್ತಿದ್ದೆ? ಈಗ ಹೇಳಲು ಹೊರಟಿರುವುದರಲ್ಲೂ ಒಂದೆರಡು ವಿವರ ಹಿಂದುಮುಂದಾಗಿರಬಹುದು. ಆ ದಿನದ ಪುಟ ತೆಗೆದರೆ ನನ್ನದೇ ಅಕ್ಷರದಲ್ಲಿ "ಸಾರಿನಪುಡಿ ಮುಗಿಯಿತು, ನೆಮ್ಮದಿ" ಎಂದಷ್ಟೇ ಇದೆ. ಓದಿದವರು ಡಬ್ಬಿ ಖಾಲಿಯಾಯಿತು ಎಂದುಕೊಳ್ಳಬೇಕು. ಮುಗಿದದ್ದು ಟೈಪಿಂಗು. ಅದರ ಜೊತೆಗೆ ಇನ್ನೇನು ಮುಗಿದಿತ್ತು ಎನ್ನುವುದು ಮಾರನೆಯ ದಿನ ತಿಳಿಯಿತು.

ಅಮ್ಮ ಬಸವನಗುಡಿಯಲ್ಲಿ ನನ್ನ ಜೊತೆಗಿದ್ದಾಳೆ. ಅವಳ ಅಕ್ಕ, ಎಂದರೆ ನನ್ನ ದೊಡ್ಡಮ್ಮ, ಚಾಮರಾಜಪೇಟೆಯಲ್ಲಿ. ತಂಗಿ, ನನ್ನ ಚಿಕ್ಕಮ್ಮ, ವೈಯಾಲಿಕಾವಲ್‌ನಲ್ಲಿ. ಮೂವರೂ ಒಬ್ಬಳೇ ತಾಯಿಯಿಂದ ಕಲಿತವರು, ಆದರೂ ಮೂವರ ಸಾರಿನಪುಡಿಯೂ ಬೇರೆ. ಯಾರನ್ನು ಕೇಳಿದರೂ, ಅಜ್ಜಿ ಹೇಳಿಕೊಡುವಾಗ ಉಳಿದಿಬ್ಬರು ಕಿಟಕಿಯಾಚೆ ನೋಡುತ್ತಿದ್ದರಂತೆ. ಅಮ್ಮನ ತಕರಾರೆಲ್ಲ ದೊಡ್ಡಮ್ಮನ ಮೆಂತ್ಯದ ಮೇಲೆ. ಅದು ಸಾರಲ್ಲ, ಕಷಾಯ ಎನ್ನುತ್ತಾಳೆ. ಈಚೆಗೆ ದೊಡ್ಡಮ್ಮನಿಗೆ ಕೈ ನಡುಗುತ್ತದೆ; ಹುರಿಯುವ ಕೆಲಸ ಸೊಸೆಯ ಪಾಲಿಗೆ ಬಂದಿದೆ. ಸೊಸೆಗೆ ಅಳತೆ ಬೇಕು. ದೊಡ್ಡಮ್ಮ ಯಾವತ್ತೂ ಅಳೆದವರಲ್ಲ. ತನ್ನ ಪುಡಿ ತನ್ನೊಂದಿಗೇ ಹೋಗಬಾರದು ಎನ್ನುವುದೊಂದೇ ಅವರ ಆಸೆ. ನಾನು ಎದುರು ಕೂತು, ಅವರು ಕೈಯಲ್ಲಿ ತೋರಿಸಿದ್ದನ್ನೆಲ್ಲ ಬೊಗಸೆ, ಹಿಡಿ, ಚಿಟಿಕೆ ಎಂದು ಎಕ್ಸೆಲ್‌ನಲ್ಲಿ ಬರೆದುಕೊಂಡೆ. ಸಾರಿಗೆ ಎಕ್ಸೆಲ್ ಯಾಕೆ ಎಂದು ಕೇಳಬಾರದು. ಎಂ.ಎ. ಮಾಡಿದವಳೂ ಚೀಟಿಯಲ್ಲಿ ಗೀಚಿದರೆ ಓದಿ ಏನು ಬಂತು? ಅಲ್ಲಿಗೇ ನಿಲ್ಲಿಸದೆ ಅಮ್ಮನದನ್ನೂ ಚಿಕ್ಕಮ್ಮನದನ್ನೂ ಸೇರಿಸಿದೆ. ಒಂದು ಫೈಲು, ಮೂರು ಶೀಟು, ಒಬ್ಬೊಬ್ಬರಿಗೆ ಒಂದೊಂದು.

ಮೂರಕ್ಕೂ ಒಂದೇ ಏಟಿಗೆ ದಪ್ಪಕ್ಷರದ ತಲೆಬರಹ ಕೊಡೋಣವೆಂದು ಮೂರು ಶೀಟನ್ನೂ ಒಟ್ಟಿಗೆ ಸೆಲೆಕ್ಟ್ ಮಾಡಿದೆ. ಆಮೇಲೆ ಬಿಡಿಸುವುದನ್ನು ಮರೆತೆ. ಅಷ್ಟರಲ್ಲಿ ಅಮ್ಮ ಬೆನ್ನ ಹಿಂದೆ ಬಂದು ನಿಂತು, ತಾನು ಮೊನ್ನೆ ಹೇಳಿದ್ದು ಸರಿಯಿಲ್ಲ, ಮೊದಲಿಂದ ಬರಿ ಎಂದಳು. ಅವಳ ಶೀಟಿನಲ್ಲಿ ಧನಿಯದಿಂದ ಇಂಗಿನವರೆಗೆ ಮತ್ತೆ ಬರೆದೆ. ಸೇವ್ ಮಾಡಿ ಮುಚ್ಚಿದೆ. ದೊಡ್ಡಮ್ಮನ ಶೀಟನ್ನು ಅವರ ಸೊಸೆಗೆ, ಚಿಕ್ಕಮ್ಮನದನ್ನು ಚಿಕ್ಕಮ್ಮನಿಗೆ ವಾಟ್ಸಾಪ್‌ನಲ್ಲಿ ಕಳಿಸಿ, ದಿನಚರಿಯಲ್ಲಿ ನೆಮ್ಮದಿ ಎಂದೂ ಬರೆದುಬಿಟ್ಟೆ.

ಬೆಳಗಾಗುತ್ತಲೇ ಚಿಕ್ಕಮ್ಮನ ಫೋನು. ಹೆಸರು ಅವಳದಂತೆ, ಪುಡಿ ಅಮ್ಮನದಂತೆ. ತೆರೆದು ನೋಡಿದರೆ ನಿಜ. ತಿದ್ದಲು ಹೋದೆ, ಚಿಕ್ಕಮ್ಮನ ಜೀರಿಗೆ ಹಾಕಿದರೆ ಅಮ್ಮನ ಜೀರಿಗೆಯೂ ಬದಲಾಗುತ್ತಿತ್ತು. ಫೈಲು ಮುಚ್ಚಿ ತೆರೆದೆ. ಲ್ಯಾಪ್‌ಟಾಪನ್ನೇ ಆರಿಸಿ ಹಚ್ಚಿದೆ. ಮೂವರೂ ಹಾಗೇ ಅಂಟಿಕೊಂಡಿದ್ದರು. ಕೊನೆಗೆ ಆಫೀಸಿನಲ್ಲಿ ಇಂಥದ್ದನ್ನೇ ಕುಟ್ಟಿ ರಿಟೈರಾದ ಚಿಕ್ಕಮ್ಮನನ್ನೇ ಕೇಳಿದೆ.

"ಮೇಲ್ಗಡೆ, ಫೈಲ್ ಹೆಸರಿನ ಪಕ್ಕ ಏನಿದೆ ಓದು."

"ಗ್ರೂಪ್ ಅಂತಿದೆ."

"ಮತ್ತೆ? ಮೂರನ್ನೂ ಸೇರಿಸಿ ಕಟ್ಟಿದೀಯ. ಒಂದ್ರಲ್ಲಿ ಬರೆದ್ರೆ ಮೂರರಲ್ಲೂ ಬೀಳತ್ತೆ. ಶೀಟಿನ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ಅನ್‌ಗ್ರೂಪ್ ಕೊಡು. ನಮ್ಮ ಮೂವರನ್ನ ಒಂದ್ಮಾಡೋಕೆ ನಮ್ಮಮ್ಮನ ಕೈಲೇ ಆಗ್ಲಿಲ್ಲ ಕಣೇ, ನೀನು ಹೊರಟಿದೀಯ."

ಗಂಟು ಬಿಚ್ಚಿತು, ಅಳಿಸಿಹೋದದ್ದು ಮಾತ್ರ ಬರಲಿಲ್ಲ. ಚಿಕ್ಕಮ್ಮ ತನ್ನದನ್ನು ಫೋನಿನಲ್ಲೇ ಮತ್ತೆ ಹೇಳಿದಳು. ದೊಡ್ಡಮ್ಮನದನ್ನು ನಾನೇ ನೆನಪು ಮಾಡಿಕೊಂಡು ಬರೆಯುತ್ತಾ ಬಂದೆ, ಮೆಂತ್ಯದ ಸಾಲಿಗೆ ಬಂದು ನಿಂತೆ. ಅವರು ತೋರಿಸಿದ್ದು ಮುಚ್ಚಿದ ಹಿಡಿಯೋ, ಬಿಚ್ಚಿದ ಅಂಗೈಯೋ? ಎರಡೂ ಕಣ್ಣಿಗೆ ಕಟ್ಟಿದ ಹಾಗಿದೆ. ನನ್ನ ನೆನಪಿನ ತೊಂದರೆಯೇ ಇದು, ಮರೆತದ್ದನ್ನೂ ಸ್ಪಷ್ಟವಾಗಿ ತೋರಿಸುತ್ತದೆ.

ಭಾನುವಾರ ಅಮ್ಮನನ್ನು ಕರೆದುಕೊಂಡು ಚಾಮರಾಜಪೇಟೆಗೆ ಹೋದೆ, ವಿಷಯ ಮೆಲ್ಲಗೆ ಹೇಳಿ ಮತ್ತೆ ಬರೆದುಕೊಳ್ಳೋಣವೆಂದು. ಹೋಗುವಷ್ಟರಲ್ಲಿ ಸೊಸೆ ನಾನು ಕಳಿಸಿದ್ದನ್ನು ನೋಡಿಕೊಂಡು ಪುಡಿ ಮಾಡಿ, ಸಾರನ್ನೂ ಕುದಿಸಿಯಾಗಿತ್ತು. ಅಮ್ಮ ಒಂದು ತುತ್ತು ಕಲಸಿ ಬಾಯಿಗಿಟ್ಟು, ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಮೆಂತ್ಯ ಜಾಸ್ತಿ. ಅಕ್ಕಂದು ಯಾವಾಗ್ಲೂ ಇಷ್ಟೇ."

ಅದು ಅಮ್ಮನದೇ ಪುಡಿ, ಕಾಳು ಕಾಳೂ ಅಮ್ಮನದೇ. ನಗೋಣವೆಂದರೆ, ನನ್ನ ಬಾಯಿಗೂ ಆಗ ಮೆಂತ್ಯ ಜಾಸ್ತಿಯೆಂದೇ ಹತ್ತಿತ್ತು.

ಊಟವಾದ ಮೇಲೆ ಅಡುಗೆಮನೆಯಲ್ಲಿ ದೊಡ್ಡಮ್ಮನಿಗೆ ಎಲ್ಲ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಅವರು ಸೆರಗು ಬಾಯಿಗಿಟ್ಟುಕೊಂಡು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ನಿಮ್ಮಮ್ಮಂಗೆ ಹೇಳ್ಬೇಡ. ಕಷಾಯ ಅಂದ್ಕೊಂಡೇ ಎರಡ್ ಸಲ ಹಾಕಿಸ್ಕೊಂಡಿದಾಳೆ."

ಅದಿರಲಿ, ನಿಮ್ಮ ಮೆಂತ್ಯ ಎಷ್ಟು ಎಂದು ಫೋನು ತೆಗೆದೆ, ಶೀಟಿನಲ್ಲಿ ತುಂಬಲು. ದೊಡ್ಡಮ್ಮ ಬಲಗೈ ಮುಂದೆ ಮಾಡಿದರು. ಅದು ಸಣ್ಣಗೆ ನಡುಗುತ್ತಿತ್ತು. ಮುಚ್ಚಿದರು, ನೋಡಿದರು, ಬಿಚ್ಚಿದರು, ಮತ್ತೆ ಅರ್ಧ ಮುಚ್ಚಿದರು. ಆಮೇಲೆ ಆ ಕೈಯನ್ನು ಬೇರೆ ಯಾರದೋ ಎಂಬ ಹಾಗೆ ಮಡಿಲಲ್ಲಿಟ್ಟುಕೊಂಡು, ಕಾಫಿ ಕುಡೀತೀಯಾ ಎಂದರು. ಕುಡಿದೆ. ಆವತ್ತಿನಿಂದ ಫೋನು ಮಾಡಿದಾಗಲೆಲ್ಲ ಮೆಂತ್ಯದ ಅಳತೆಯನ್ನೇ ಕೇಳುತ್ತಿದ್ದೇನೆ. ಅವರು ಊಟ ಆಯ್ತಾ ಎನ್ನುತ್ತಾರೆ. ನೆನಪಿನ ಮೇಲೆ ನಂಬಿಕೆಯಿಲ್ಲದೆ ಎಲ್ಲವನ್ನೂ ಬರೆದಿಡುವ ನನ್ನ ಫೈಲಿನಲ್ಲಿ ಆ ಒಂದು ಮನೆ ಮಾತ್ರ ಇನ್ನೂ ಖಾಲಿ. ಇವತ್ತೂ ಕೇಳಿದೆ: "ಮುಚ್ಚಿದ ಹಿಡಿನಾ ದೊಡ್ಡಮ್ಮ, ಬಿಚ್ಚಿದ್ದಾ?"